ಬಾರದ ಸಂಚಿಕೆಯ ಬೆನ್ನು ಹತ್ತುವುದು ಹೇಗೆ? ಸಣ್ಣ ಗ್ರಂಥಾಲಯಗಳಿಗೊಂದು ಸಮಗ್ರ ಮಾರ್ಗದರ್ಶಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಗ್ರಂಥಾಲಯಕ್ಕೆ ಆ ದಿನ ಬೈಂಡಿಂಗ್‌ನವರು ಬಂದಿದ್ದರು. ಒಂದು ತ್ರೈಮಾಸಿಕದ ವರ್ಷದ ಸಂಚಿಕೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು "ಜುಲೈ ಎಲ್ಲಿ?" ಅಂತ ಕೇಳಿದರು. ನಾನು ಕಪಾಟು ನೋಡಿದೆ, ಮೇಜಿನ ಖಾನೆ ನೋಡಿದೆ, ಹಳೆ ಪೇಪರ್ ಕಟ್ಟು ಬಿಚ್ಚಿ ನೋಡಿದೆ. ಇರಲಿಲ್ಲ. ಪ್ರಕಾಶಕರಿಗೆ ಫೋನ್ ಮಾಡಿದರೆ "ಅದು ಹೋದ ವರ್ಷದ್ದಲ್ವಾ ಸಾರ್, ಸ್ಟಾಕ್ ಮುಗಿದು ಎಷ್ಟೋ ಕಾಲ ಆಯ್ತು" ಅಂದರು. ಅವರ ಮೇಲೆ ಸಿಟ್ಟಾಗಿ ಪ್ರಯೋಜನ ಇರಲಿಲ್ಲ. ಜುಲೈ ಸಂಚಿಕೆ ಬಂದಿಲ್ಲ ಅಂತ ನನಗೇ ಗೊತ್ತಾದದ್ದು ಮರುವರ್ಷದ ಫೆಬ್ರವರಿಯಲ್ಲಿ. ಅಷ್ಟು ತಿಂಗಳು ಯಾರಿಗೂ ತಿಳಿಯದೆ ಹೋದದ್ದು ಯಾಕೆಂದರೆ, ನಮ್ಮ ರಿಜಿಸ್ಟರ್‌ನಲ್ಲಿ ಬಂದದ್ದನ್ನು ಬರೆಯಲು ಮಾತ್ರ ಜಾಗ ಇತ್ತು, ಬಾರದೇ ಇದ್ದದ್ದು ಎಲ್ಲೂ ಕಾಣುತ್ತಿರಲಿಲ್ಲ.

ನಾನು ಮೊದಲು ಒಂದು ಕಾಲೇಜು ಗ್ರಂಥಾಲಯದ ಪತ್ರಿಕಾ ವಿಭಾಗದಲ್ಲಿದ್ದೆ. ಈಗ ಊರಿನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದೇನೆ. ಇಲ್ಲಿನವರು ಮಲಯಾಳದಂತೆ ವಾಯನಶಾಲೆ ಅಂತಲೂ ಕರೆಯುತ್ತಾರೆ. ದೊಡ್ಡ ಕಡೆ ಚಂದಾ ಲಕ್ಷಗಳಲ್ಲಿ, ನಮ್ಮಲ್ಲಿ ಸಾವಿರಗಳಲ್ಲಿ, ಆದರೆ ತಲೆನೋವು ಒಂದೇ ತರಹದ್ದು. ಮಾಡಿ ನೋಡಿದ ಕ್ರಮವನ್ನು ಮಾಡಬೇಕಾದ ಸಾಲಿನಲ್ಲೇ ಹೇಳುತ್ತೇನೆ.

ಮೊದಲು ಒಳಗೆ ಹುಡುಕಿ

ಪ್ರಕಾಶಕರಿಗೆ ಬರೆಯುವ ಮುಂಚೆ ಹತ್ತು ನಿಮಿಷ ನಿಮ್ಮ ಕಟ್ಟಡದೊಳಗೇ ಹುಡುಕಿ. ನಾನು ಕಾಲೇಜಿನಲ್ಲಿದ್ದಾಗ ಒಂದು ಸಂಚಿಕೆಗಾಗಿ ಎರಡು ಸಲ ರಿಮೈಂಡರ್ ಕಳಿಸಿ, ಅವರು ಪಾಪ ಇನ್ನೊಂದು ಪ್ರತಿ ಕಳಿಸಿ, ಆಮೇಲೆ ನೋಡಿದರೆ ಮೊದಲನೆಯದು ಒಬ್ಬ ಅಧ್ಯಾಪಕರ ಮೇಜಿನ ಖಾನೆಯಲ್ಲಿ ರ‍್ಯಾಪರ್ ಕೂಡ ಬಿಚ್ಚದೆ ಮಲಗಿತ್ತು. ಹೀಗೆ ಎರಡು ಸಲ ಆದರೆ ಮೂರನೇ ಸಲ ನಿಜವಾಗಿ ಬಾರದಿದ್ದಾಗ ಅವರು ನಂಬುವುದಿಲ್ಲ.

ಹುಡುಕುವ ಜಾಗಗಳು ಸಾಮಾನ್ಯವಾಗಿ ಇವೇ: ಅಂಚೆ ತೆಗೆದುಕೊಳ್ಳುವ ಆಫೀಸಿನ ಮೇಜು, ಕಾರ್ಯದರ್ಶಿಯ ಮನೆ, ಹಿಂದಿನ ಸಂಚಿಕೆಯ ಒಳಗೆ ಸಿಕ್ಕಿಕೊಂಡದ್ದು, ಪಕ್ಕದ ಪತ್ರಿಕೆಯ ರಾಶಿ. ಒಂದೇ ಪ್ರಕಾಶಕರ ಎರಡು ಪತ್ರಿಕೆಗಳಿದ್ದರೆ ಅದಲು ಬದಲಾಗುವುದು ಜಾಸ್ತಿ. ಇನ್ನು ರಜೆ. ನಮ್ಮಲ್ಲಿ ಶಾಲೆ ಕಾಲೇಜುಗಳಿಗೆ ಏಪ್ರಿಲ್, ಮೇ ರಜೆ. ಆ ಎರಡು ತಿಂಗಳು ಬಂದ ಅಂಚೆಯನ್ನು ಯಾರು ತೆಗೆದುಕೊಂಡರು, ಎಲ್ಲಿಟ್ಟರು ಅಂತ ಜೂನ್ ಮೊದಲ ವಾರದಲ್ಲಿ ಕೇಳದಿದ್ದರೆ ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಓಣಂ ರಜೆ ಸಣ್ಣದು, ಆದರೂ ಅದೇ ಕಥೆ. ರಜೆಗೆ ಮುಂಚೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟು "ಏನೇ ಬಂದರೂ ಇದಕ್ಕೆ ಹಾಕಿ" ಅಂತ ಕಾವಲಿನವರಿಗೆ ಹೇಳಿ ಹೋದರೆ ಅರ್ಧ ಸಮಸ್ಯೆ ಮುಗಿಯಿತು.

ಏನು ಬರಬೇಕಿತ್ತು?

ಇದು ಸುಲಭ ಅನ್ನಿಸುತ್ತದೆ. ಮಾಸಿಕ ಅಂದರೆ ಹನ್ನೆರಡು, ತ್ರೈಮಾಸಿಕ ಅಂದರೆ ನಾಲ್ಕು, ಅಷ್ಟೇ ಅಲ್ವಾ? ಅಷ್ಟೇ ಅಲ್ಲ. ಕೆಲವು ಪತ್ರಿಕೆಗಳ ವರ್ಷ ಜನವರಿಗೆ ಶುರುವಾಗುವುದಿಲ್ಲ, ಮೊದಲ ಸಂಚಿಕೆ ಯಾವ ತಿಂಗಳು ಬಂತೋ ಅಲ್ಲಿಂದ ಸಂಪುಟ ಲೆಕ್ಕ. ಕೆಲವರು ಎರಡು ತಿಂಗಳಿನದ್ದನ್ನು ಸೇರಿಸಿ ಜಂಟಿ ಸಂಚಿಕೆ ತರುತ್ತಾರೆ. ಮುಖಪುಟದಲ್ಲಿ "ಸಂಚಿಕೆ 5–6" ಅಂತ ಸಣ್ಣದಾಗಿ ಇರುತ್ತದೆ, ನಾವು 5 ಅಂತ ಬರೆದುಕೊಂಡು 6ಕ್ಕಾಗಿ ಕಾಯುತ್ತೇವೆ. ಯುಗಾದಿ, ದೀಪಾವಳಿ ವಿಶೇಷಾಂಕಗಳು ಮತ್ತೊಂದು ಗೊಂದಲ. ಕೆಲವು ಕಡೆ ಅದು ಚಂದಾದಲ್ಲೇ ಸೇರಿದೆ, ಕೆಲವು ಕಡೆ ಬೇರೆ ದುಡ್ಡು ಕೊಡಬೇಕು. ಚಂದಾ ಕಟ್ಟುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಲೆಕ್ಕ ಸರಿಯಾಗಿರುವ ಪತ್ರಿಕೆಯಾದರೆ ಕೆಲಸ ಹಗುರ. ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ 1966ರಲ್ಲಿ ಆ ಹೆಸರಿನಲ್ಲಿ ಶುರುವಾಯಿತು, ಅದು ಸಂಪುಟ 1. ಹಾಗಾಗಿ 2025 ಅಂದರೆ ಸಂಪುಟ 60. ವಾರಕ್ಕೊಂದು ಸಂಖ್ಯೆ. ಎಲ್ಲಿ ಸಂಖ್ಯೆ ಹಾರಿತು ಅಂತ ಕಣ್ಣಿಗೆ ಕಾಣುತ್ತದೆ. ಕನ್ನಡದ ಕೆಲವು ಸಣ್ಣ ಪತ್ರಿಕೆಗಳು ಹಾಗಲ್ಲ. ಸಂಪಾದಕರಿಗೆ ದುಡ್ಡು ಹೊಂದಿದಾಗ ಪತ್ರಿಕೆ, ಇಲ್ಲದಾಗ ಮೌನ. ಅಂಥವುಗಳಿಗೆ ಸುಮ್ನೆ ರಿಮೈಂಡರ್ ಕಳಿಸಿ ಅವರನ್ನು ನೋಯಿಸಬೇಡಿ. ಒಂದು ಫೋನ್ ಮಾಡಿ "ಈ ಸಂಚಿಕೆ ಅಚ್ಚಾಗಿದೆಯಾ?" ಅಂತ ಕೇಳಿದರೆ ಸಾಕು. ಅಚ್ಚೇ ಆಗದ ಸಂಚಿಕೆಗೆ ನಾನು ಮೂರು ಪತ್ರ ಬರೆದದ್ದುಂಟು.

ಇನ್ನೊಂದು ವಿಷಯ ಐಎಸ್‌ಎಸ್‌ಎನ್. ಎಂಟು ಅಂಕಿ, ನಡುವೆ ಒಂದು ಗೆರೆ. ಇದು ಪತ್ರಿಕೆಯ ಗುರುತು, ಸಂಚಿಕೆಯದ್ದಲ್ಲ, ಎಲ್ಲ ಸಂಚಿಕೆಗೂ ಅದೇ ಸಂಖ್ಯೆ. ಪತ್ರಿಕೆಯ ಹೆಸರು ಗಣನೀಯವಾಗಿ ಬದಲಾದರೆ ಈ ಸಂಖ್ಯೆಯೂ ಬದಲಾಗುತ್ತದೆ. ಹಳೆ ಹೆಸರಿನದ್ದು ನಿಂತೇ ಹೋಯಿತು ಅಂತ ನಾವು ಕೊರಗುತ್ತಿರುವಾಗ ಅದು ಹೊಸ ಹೆಸರಲ್ಲಿ ನಮ್ಮ ಮೇಜಿನ ಮೇಲೇ ಬಂದು ಕೂತಿರಬಹುದು. ಹೆಸರು ಬದಲಾದರೆ ಹೊಸ ಪುಟ ತೆರೆದು, ಹಳೆ ಪುಟದಲ್ಲಿ "ಮುಂದಿನದ್ದು ಇಲ್ಲಿ ನೋಡಿ" ಅಂತ ಬರೆದಿಡಿ.

ವಾರದ ಡಬ್ಬಿ

ನನ್ನ ಮಟ್ಟಿಗೆ ಉಳಿದದ್ದೆಲ್ಲ ಬಿಟ್ಟು ಇದೊಂದನ್ನು ಮಾಡಿದರೂ ಸಾಕು. ಉಪಾಯ ನನ್ನದಲ್ಲ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರ ಮೂರು ಕಾರ್ಡಿನ ಪದ್ಧತಿಯಲ್ಲಿ ಇದು ಒಂದು. ಆಗ ನಮ್ಮ ಕಾಸರಗೋಡೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು ಬಿಡಿ. ಒಂದು ಕಾರ್ಡ್ ಬಂದದ್ದನ್ನು ಬರೆಯಲು, ಒಂದು ವಿಷಯವಾರು ಜೋಡಿಸಲು, ಇನ್ನೊಂದು ತಪಾಸಣೆಗೆ. ಈ ತಪಾಸಣೆಯ ಕಾರ್ಡನ್ನು ಪತ್ರಿಕೆಯ ಹೆಸರಿನ ಅಕ್ಷರದ ಪ್ರಕಾರ ಇಡುವುದಿಲ್ಲ, ಮುಂದಿನ ಸಂಚಿಕೆ ಯಾವ ವಾರ ಬರಬೇಕೋ ಆ ವಾರದ ಹಿಂದೆ ಇಡುತ್ತಾರೆ.

ನಾವು ಮಾಡಿದ್ದು ಹೀಗೆ. ಒಂದು ಹಳೆ ಚಪ್ಪಲಿ ಡಬ್ಬಿ. ಅದರೊಳಗೆ ಹನ್ನೆರಡು ತಿಂಗಳ ರಟ್ಟು, ಪ್ರತಿ ತಿಂಗಳಿಗೆ ಐದು ವಾರದ ತುಂಡು ರಟ್ಟು. ಪ್ರತಿ ಪತ್ರಿಕೆಗೆ ಒಂದು ಕಾರ್ಡ್. ಉದಾಹರಣೆಗೆ ಒಂದು ಮಾಸಿಕ ಪ್ರತಿ ತಿಂಗಳ 5ರ ಹೊತ್ತಿಗೆ ಬರುತ್ತದೆ ಅಂತಿಟ್ಟುಕೊಳ್ಳಿ. ಆಗಸ್ಟ್ ಸಂಚಿಕೆ ಬಂದ ದಿನ ಕಾರ್ಡ್ ತೆಗೆದು ತಾರೀಕು ಬರೆದು, ಅದನ್ನು ಸೆಪ್ಟೆಂಬರ್ ಎರಡನೇ ವಾರದ ಹಿಂದೆ ಹಾಕುತ್ತೇವೆ. ಸೆಪ್ಟೆಂಬರ್ ಸಂಚಿಕೆ ಬಂದರೆ ಕಾರ್ಡ್ ಅಕ್ಟೋಬರ್‌ಗೆ ಹೋಗುತ್ತದೆ. ಬಾರದಿದ್ದರೆ? ಕಾರ್ಡ್ ಅಲ್ಲೇ ಕೂತಿರುತ್ತದೆ. ಶನಿವಾರ ಮಧ್ಯಾಹ್ನ ಡಬ್ಬಿ ತೆರೆದಾಗ, ಮುಗಿದ ವಾರದ ಹಿಂದೆ ಯಾವ ಕಾರ್ಡ್ ಉಳಿದಿದೆಯೋ ಅದೇ ಬಾರದ ಪತ್ರಿಕೆ. ಯೋಚನೆ ಮಾಡಬೇಕಾಗಿಲ್ಲ, ನೆನಪಿಡಬೇಕಾಗಿಲ್ಲ. ನಮ್ಮಲ್ಲಿ ಸುಮಾರು ಮೂವತ್ತು ಪತ್ರಿಕೆ ಬರುತ್ತವೆ, ಈ ಕೆಲಸಕ್ಕೆ ಚಹಾ ಕುಡಿಯುವಷ್ಟು ಹೊತ್ತು ಸಾಕು.

ಕಂಪ್ಯೂಟರ್ ಇದ್ದವರು ಸ್ಪ್ರೆಡ್‌ಶೀಟ್‌ನಲ್ಲಿ "ಮುಂದಿನದ್ದು ಬರಬೇಕಾದ ದಿನ" ಅಂತ ಒಂದು ಕಾಲಂ ಹಾಕಿ, ವಾರಕ್ಕೊಮ್ಮೆ ಆ ಕಾಲಂ ಪ್ರಕಾರ ಜೋಡಿಸಿ. ಇವತ್ತಿನ ತಾರೀಕಿಗಿಂತ ಹಿಂದಿನದ್ದೆಲ್ಲ ಮೇಲೆ ಬರುತ್ತದೆ. ಚಪ್ಪಲಿ ಡಬ್ಬಿಯ ಕೆಲಸವೇ, ಕರೆಂಟ್ ಬೇಕು ಅಷ್ಟೇ. ನಮ್ಮ ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತಲ್ಲ.

ಎಷ್ಟು ದಿನ ಕಾಯಬೇಕು

ವಾರಪತ್ರಿಕೆಗೆ ಒಂದು ವಾರ. ಮಾಸಿಕಕ್ಕೆ ಹದಿನೈದರಿಂದ ಇಪ್ಪತ್ತು ದಿನ. ತ್ರೈಮಾಸಿಕಕ್ಕೆ ಒಂದೂವರೆ ತಿಂಗಳು. ಇದು ನಾನು ಇಟ್ಟುಕೊಂಡ ಅಳತೆ, ಶಾಸನವೇನಲ್ಲ. ಹೊರದೇಶದ ಜರ್ನಲ್‌ಗಳಲ್ಲಿ ಮಾತ್ರ ಬಿಗಿ ಉಂಟು. ಬಾರದ ಸಂಚಿಕೆಯನ್ನು ಉಚಿತವಾಗಿ ಮತ್ತೆ ಕಳಿಸಬೇಕಾದರೆ ಪ್ರಕಟವಾದ ದಿನದಿಂದ ಸಾಮಾನ್ಯವಾಗಿ 60ರಿಂದ 90 ದಿನದೊಳಗೆ ಕೇಳಬೇಕು ಅಂತ ಬಹಳಷ್ಟು ಪ್ರಕಾಶಕರು ಗಡುವು ಇಟ್ಟಿರುತ್ತಾರೆ. ಹಡಗಿನಲ್ಲಿ ಬರುವ ಸಂಚಿಕೆಗೆ ಆ ಗಡುವಿನ ಅರ್ಧ ದಾರಿಯಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಆಯಾ ಪ್ರಕಾಶಕರ ಗಡುವನ್ನು ಕಾರ್ಡಿನ ಮೇಲ್ಭಾಗದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಭಾರತದ ಪತ್ರಿಕೆಗಳಲ್ಲಿ ಮುದ್ರಕರು, ಪ್ರಕಾಶಕರ ಹೆಸರಿರುವ ಸಾಲುಗಳನ್ನು ಒಮ್ಮೆ ಓದಿ. ಯಾರೂ ಓದದ ಜಾಗ ಅದು. ಅಂಚೆ ರಿಯಾಯಿತಿ ಪಡೆದ ಪತ್ರಿಕೆಯಾದರೆ ಯಾವ ಅಂಚೆಕಚೇರಿಯಿಂದ ಯಾವ ತಾರೀಕಿಗೆ ಅಂಚೆಗೆ ಹಾಕುತ್ತಾರೆ ಅಂತ ಅಲ್ಲೋ ಹಿಂಬದಿ ರಕ್ಷಾಪುಟದಲ್ಲೋ ಅಚ್ಚಾಗಿರುತ್ತದೆ. ಆ ತಾರೀಕಿಗೆ ದಾರಿಯ ದಿನಗಳನ್ನು ಸೇರಿಸಿದರೆ ನಿಮ್ಮ ಕಾಯುವ ಲೆಕ್ಕ ಸಿಕ್ಕಿತು.

ರೋಗ ಎಲ್ಲಿದೆ ನೋಡಿ

ಒಂದು ಪತ್ರಿಕೆಯ ಒಂದೇ ಸಂಚಿಕೆ ಬಾರದಿದ್ದು, ಮುಂದಿನದ್ದು ಬಂದಿದ್ದರೆ ದಾರಿಯಲ್ಲಿ ಕಳೆದಿದೆ. ಸುಮ್ನೆ ಕೇಳಿ, ಕಳಿಸುತ್ತಾರೆ. ಒಂದೇ ಪತ್ರಿಕೆಯ ಎರಡು ಮೂರು ಸಂಚಿಕೆ ಸಾಲಾಗಿ ಬಾರದಿದ್ದರೆ ಚಂದಾ ಮುಗಿದಿರಬೇಕು, ಇಲ್ಲ ನಿಮ್ಮ ಹಣ ನಿಮ್ಮ ಹೆಸರಿಗೆ ಜಮೆ ಆಗಿಲ್ಲ, ಇಲ್ಲ ಪತ್ರಿಕೆಯೇ ನಿಂತಿದೆ. ಒಬ್ಬನೇ ಏಜೆಂಟ್ ಮೂಲಕ ಬರುವ ಎಲ್ಲ ಪತ್ರಿಕೆಗಳೂ ಒಟ್ಟಿಗೆ ನಿಂತರೆ ಏಜೆಂಟನ್ನು ಹಿಡಿಯಿರಿ. ಬೇರೆ ಬೇರೆ ಊರಿಂದ ಬರುವ ಎಲ್ಲವೂ ಒಂದೇ ವಾರ ನಿಂತರೆ ಅಂಚೆಕಚೇರಿಗೆ ಹೋಗಿ. ಹೊಸ ಅಂಚೆಯಣ್ಣ ಬಂದಿರಬಹುದು, ಅಥವಾ ನಿಮ್ಮ ಪೆಟ್ಟಿಗೆಗೆ ಜೇನುಹುಳ ಬಂದು ಕೂತಿರಬಹುದು. ನಗಬೇಡಿ, ನಮ್ಮಲ್ಲಿ ಆಗಿದೆ.

ಈ ವಿಂಗಡಣೆ ಮಾಡದೆ ಎಲ್ಲರಿಗೂ ಒಂದೇ ಅಚ್ಚಿನ ರಿಮೈಂಡರ್ ಕಳಿಸುವ ಗ್ರಂಥಾಲಯಗಳನ್ನು ನೋಡಿದ್ದೇನೆ. ಅಂಚೆಯ ತಪ್ಪಿಗೆ ಸಂಪಾದಕರಿಗೆ ಬೈದು ಪತ್ರ ಬರೆದು ಆಗುವುದೇನು?

ವಿಳಾಸ, ಪಿನ್ ಮತ್ತು ಗಡಿಯ ಗೊಂದಲ

ಇದು ನಮ್ಮ ಊರಿನ ವಿಶೇಷ ಕಾಯಿಲೆ. ಸ್ವಲ್ಪ ವಿವರವಾಗಿಯೇ ಹೇಳಬೇಕು.

ಕನ್ನಡ ಪತ್ರಿಕೆಯ ಕಚೇರಿಯಲ್ಲಿ ಕುಳಿತವರಿಗೆ ಕನ್ನಡದಲ್ಲಿ ಪತ್ರ ಬರೆದವರೆಲ್ಲ ಕರ್ನಾಟಕದವರೇ. ಒಮ್ಮೆ ನಮ್ಮ ಮಾಸಿಕವೊಂದು ನಾಲ್ಕು ತಿಂಗಳು ಬರಲಿಲ್ಲ. ಫೋನಿನಲ್ಲಿ ಲೇಬಲ್ ಓದಿಸಿದೆ. ಊರಿನ ಹೆಸರು ಸರಿ ಇತ್ತು. ಕೆಳಗೆ "ದ. ಕ. ಜಿಲ್ಲೆ, ಕರ್ನಾಟಕ" ಅಂತ ಇತ್ತು, ಪಿನ್ 574ರಿಂದ ಶುರುವಾಗುತ್ತಿತ್ತು. "671 ಅಂತ ಇತ್ತು ಸಾರ್, ಅದು ಕೇರಳದ್ದು ಅಂತ ಕಂಪ್ಯೂಟರ್ ಹೇಳಿತು, ತಪ್ಪಾಗಿರಬೇಕು ಅಂತ ಸರಿ ಮಾಡಿದೆವು" ಅಂದರು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಊರನ್ನು ಆ ಕಚೇರಿಯವರು ಒಂದು ಮಧ್ಯಾಹ್ನ ಸದ್ದಿಲ್ಲದೆ ಕರ್ನಾಟಕಕ್ಕೆ ವಾಪಸ್ ಸೇರಿಸಿಬಿಟ್ಟಿದ್ದರು! ಎಷ್ಟೋ ಚಳವಳಿಗಳಿಂದ ಆಗದ್ದು.

ಆದ್ದರಿಂದ ಚಂದಾ ಫಾರಂ ತುಂಬುವಾಗ ಪಿನ್ ಕೋಡನ್ನು ದಪ್ಪಗೆ ಬರೆದು, "ಕಾಸರಗೋಡು ಜಿಲ್ಲೆ, ಕೇರಳ" ಅನ್ನುವುದನ್ನು ಅಡಿಗೆರೆ ಎಳೆದು ಬರೆಯಿರಿ. ಪಿನ್‌ನ ಮೊದಲ ಅಂಕಿ 6 ಅಂದರೆ ಕೇರಳ, ತಮಿಳುನಾಡಿನ ಕಡೆ. 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. ಹೊಸೂರು, ತಾಳವಾಡಿ ಕಡೆಯ ಕನ್ನಡಿಗರಿಗೂ ಇದೇ ಪಾಡು. ಅಂಚೆ ವಿಂಗಡಿಸುವವರು ನಂಬುವುದು ಪಿನ್ ಕೋಡನ್ನು. ಅದು ತಪ್ಪಿದರೆ ಊರಿನ ಹೆಸರು ಎಷ್ಟು ಚಂದ ಬರೆದರೂ ಕಟ್ಟು ಬೇರೆ ದಾರಿ ಹಿಡಿಯುತ್ತದೆ.

ಎರಡನೆಯದು ಲಿಪಿ. ಪತ್ರಿಕೆಯ ಲೇಬಲ್ ಪೂರ್ತಿ ಕನ್ನಡದಲ್ಲಿರುತ್ತದೆ. ನಮ್ಮ ಹಳೆಯ ಅಂಚೆಯಣ್ಣನಿಗೆ ಕನ್ನಡ, ತುಳು, ಮಲಯಾಳ ಎಲ್ಲ ಬರುತ್ತಿತ್ತು. ಅವರು ನಿವೃತ್ತರಾದ ಮೇಲೆ ತೆಂಕಣ ಜಿಲ್ಲೆಯಿಂದ ಬಂದ ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ. ಅವನದ್ದು ತಪ್ಪಲ್ಲ. ನಾನು ಪ್ರಕಾಶಕರಿಗೆಲ್ಲ ಒಂದು ಕಾರ್ಡ್ ಹಾಕಿ, ಹೆಸರು ಕನ್ನಡದಲ್ಲಿರಲಿ, ಅಂಚೆಕಚೇರಿ ಮತ್ತು ಪಿನ್ ಇಂಗ್ಲಿಷಿನಲ್ಲಿರಲಿ, ಫೋನ್ ನಂಬರ್ ಕೂಡ ಇರಲಿ ಅಂತ ಕೇಳಿಕೊಂಡೆ. ಹೆಚ್ಚಿನವರು ಮಾಡಿಕೊಟ್ಟರು. ಆ ಹುಡುಗನಿಗೂ ನಮ್ಮ ಗ್ರಂಥಾಲಯದ ಹೆಸರು ಕನ್ನಡದಲ್ಲಿ ಹೇಗೆ ಕಾಣುತ್ತದೆ ಅಂತ ಒಂದು ಚೀಟಿ ಬರೆದುಕೊಟ್ಟೆ. ಈಗ ಅವನು ಆ ಚೀಟಿ ಇಲ್ಲದೆಯೇ ಗುರುತಿಸುತ್ತಾನೆ.

ಮೂರನೆಯದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದದ ರ‍್ಯಾಪರ್ ಒದ್ದೆಯಾಗಿ ಲೇಬಲ್ ಕಳಚಿ ಬೀಳುತ್ತದೆ. ವಿಳಾಸವಿಲ್ಲದ ಪತ್ರಿಕೆಗಳು ಅಂಚೆಕಚೇರಿಯ ಮೂಲೆಯಲ್ಲಿ ರಾಶಿ ಬಿದ್ದಿರುತ್ತವೆ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಪೋಸ್ಟ್ ಮಾಸ್ತರರನ್ನು ವಿನಯದಿಂದ ಕೇಳಿ. ಒಮ್ಮೆ ನನಗೆ ನಮ್ಮದಲ್ಲದೆ ಪಕ್ಕದ ಊರಿನ ಗ್ರಂಥಾಲಯದ್ದೂ ಸಿಕ್ಕಿತು.

ಸಾದಾ ಅಂಚೆಯಲ್ಲಿ ಬರುವ ಪತ್ರಿಕೆಗೆ ಟ್ರ್ಯಾಕಿಂಗ್ ನಂಬರ್ ಇರುವುದಿಲ್ಲ. ಹಾಗಾಗಿ ಕಳೆದುಹೋದ ಒಂದು ಸಂಚಿಕೆಗೆ ದೂರು ಕೊಟ್ಟು ಪ್ರಯೋಜನ ಕಡಿಮೆ. ಆದರೆ ಎಲ್ಲ ಅಂಚೆಯೂ ಪದೇ ಪದೇ ತಪ್ಪುತ್ತಿದ್ದರೆ ದೂರು ಕೊಡಲೇಬೇಕು. ಅಂಚೆ ಇಲಾಖೆಯ ಉಚಿತ ಸಹಾಯವಾಣಿ 1800 266 6868. ಬೆಲೆಬಾಳುವ ಜರ್ನಲ್ ಆದರೆ ಹೆಚ್ಚಿನ ಹಣ ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ತರಿಸಿಕೊಳ್ಳಿ. ಹಳೆ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ, ಚಂದಾ ಫಾರಂನಲ್ಲಿ ಇನ್ನೂ ಅದರ ದರ ಅಚ್ಚಾಗಿದ್ದರೆ ಕೇಳಿಕೊಂಡು ಹಣ ಕಟ್ಟಿ.

ಪತ್ರ ಬರೆಯುವುದು

ಚಿಕ್ಕದಾಗಿರಲಿ. ಓದಿದವರು ಎದ್ದು ಹೋಗಿ ಕಪಾಟಿನಿಂದ ಸಂಚಿಕೆ ತೆಗೆದು ಕವರಿಗೆ ಹಾಕುವುದಕ್ಕೆ ಬೇಕಾದದ್ದೆಲ್ಲ ಅದೇ ಪತ್ರದಲ್ಲಿರಲಿ, ಇನ್ನೊಂದು ಸಲ ನಿಮ್ಮನ್ನು ಕೇಳುವಂತಿರಬಾರದು. ನಾನು ಬರೆಯುವುದು ಹೀಗೆ:

"ಮಾನ್ಯರೇ, ನಮ್ಮ ಚಂದಾ ಸಂಖ್ಯೆ 418. ಅವಧಿ 2025 ಜನವರಿಯಿಂದ ಡಿಸೆಂಬರ್. ನಿಮ್ಮ ಪತ್ರಿಕೆಯ ಸಂಪುಟ 12, ಸಂಚಿಕೆ 3 (ಜುಲೈ–ಸೆಪ್ಟೆಂಬರ್) ನಮಗೆ ತಲುಪಿಲ್ಲ. ಸಂಚಿಕೆ 2 ಮೇ 6ರಂದು ತಲುಪಿದೆ. ಸಂಚಿಕೆ 3 ಪ್ರಕಟವಾಗಿದ್ದರೆ ಒಂದು ಪ್ರತಿಯನ್ನು ಕೆಳಗಿನ ವಿಳಾಸಕ್ಕೆ ಕಳಿಸಿಕೊಡಿ. ತಡವಾಗಿದ್ದರೆ ಯಾವಾಗ ನಿರೀಕ್ಷಿಸಬಹುದು ಎಂದು ತಿಳಿಸಿ. ನಮ್ಮ ಹಳೆಯ ಲೇಬಲ್‌ನ ಫೋಟೋ ಇದರ ಜೊತೆಗಿದೆ."

ಇಷ್ಟೇ. ಕೊನೆಯ ಸಾಲು ಮುಖ್ಯ. ಪ್ರತಿ ಪತ್ರಿಕೆಯ ಒಂದು ಲೇಬಲನ್ನು ಕತ್ತರಿಸಿ ಕಾರ್ಡಿಗೆ ಅಂಟಿಸಿಡಿ. ಅದರಲ್ಲಿ ಚಂದಾ ಸಂಖ್ಯೆ, ಕೆಲವೊಮ್ಮೆ ಚಂದಾ ಮುಗಿಯುವ ತಿಂಗಳು ಎರಡೂ ಇರುತ್ತವೆ. ರ‍್ಯಾಪರ್ ಹರಿದು ಒಲೆಗೆ ಹಾಕುವವರು ದಯವಿಟ್ಟು ಒಂದನ್ನಾದರೂ ಉಳಿಸಿ. "ಹಲವು ಸಂಚಿಕೆಗಳು ಬಂದಿಲ್ಲ, ಕೂಡಲೇ ಕಳಿಸಿ" ಅಂತ ಬರೆದರೆ ಯಾವುದನ್ನು ಅಂತ ಅವರು ಹುಡುಕಬೇಕು? ಹುಡುಕುವುದಿಲ್ಲ.

ಯಾರಿಗೆ ಬರೆಯಬೇಕು? ಹಣ ಯಾರಿಗೆ ಕೊಟ್ಟಿರೋ ಅವರಿಗೆ. ಏಜೆಂಟ್ ಮೂಲಕ ತರಿಸಿದರೆ ಏಜೆಂಟಿಗೆ ಬರೆದು, ಪ್ರಕಾಶಕರಿಗೊಂದು ಪ್ರತಿ. ಪ್ರಕಾಶಕರ ವಿಳಾಸ ಬದಲಾಗಿ ಪತ್ರ ವಾಪಸ್ ಬಂದರೆ ಹಳೆಯ ಮಾರ್ಚ್ ಸಂಚಿಕೆ ತೆಗೆದು ನೋಡಿ. 1956ರ ಪತ್ರಿಕಾ ನೋಂದಣಿ ನಿಯಮಗಳ ಪ್ರಕಾರ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಪ್ರಕಾಶಕರು, ಮುದ್ರಕರು, ಒಡೆಯರ ಹೆಸರು ವಿಳಾಸಗಳಿರುವ "ಫಾರಂ 4" ಹೇಳಿಕೆ ಹಾಕಬೇಕಾಗಿತ್ತು. 1867ರ ಹಳೆ ಕಾಯ್ದೆಯ ಬದಲಿಗೆ ಹೊಸ ಪತ್ರಿಕಾ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಂದು ಜಾರಿಗೆ ಬಂದಿದೆ, ಆದರೆ ಹಳೆ ಸಂಚಿಕೆಗಳಲ್ಲಿನ ಆ ವಿಳಾಸಗಳು ಈಗಲೂ ಉಪಯೋಗಕ್ಕೆ ಬರುತ್ತವೆ.

ಮೊದಲ ಪತ್ರಕ್ಕೆ ಮೂರು ವಾರ ಕಾಯಿರಿ. ಎರಡನೆಯದಕ್ಕೆ ಎರಡು ವಾರ. ಆಮೇಲೆ ಫೋನ್. ಫೋನಿನಲ್ಲಿ ಮಾತಾಡಿದವರ ಹೆಸರು, ತಾರೀಕು, ಏನು ಹೇಳಿದರು ಅಂತ ಕಾರ್ಡಿನ ಹಿಂಬದಿಯಲ್ಲಿ ಬರೆಯಿರಿ. "ಕಳಿಸ್ತೇವೆ" ಅಂದವರಿಗೆ ಹದಿನೈದು ದಿನ ಬಿಟ್ಟು "ನೀವು 12ನೇ ತಾರೀಕು ಹೇಳಿದ್ರಲ್ಲ" ಅಂದರೆ ಕೆಲಸ ಬೇಗ ಆಗುತ್ತದೆ. ಬದಲಿ ಪ್ರತಿ ಬಂದ ದಿನ "ಬಂತು, ಧನ್ಯವಾದ" ಅಂತ ಒಂದು ವಾಟ್ಸಾಪ್ ಹಾಕಿ. ಮುಂದಿನ ಸಲ ನಿಮ್ಮ ಫೋನನ್ನು ಅವರು ಎತ್ತುತ್ತಾರೆ.

ದುಡ್ಡಿನ ದಾರಿ

ಮನಿಯಾರ್ಡರ್ ಕಾಲದಲ್ಲಿ ಕೂಪನ್ನಿನಲ್ಲಿ ನಾವು ವಿಳಾಸ ಬರೆಯುತ್ತಿದ್ದೆವು. ಹಣ, ವಿಳಾಸ ಎರಡೂ ಒಟ್ಟಿಗೆ ಹೋಗುತ್ತಿತ್ತು. ಈಗ ಯುಪಿಐ. ಖಜಾಂಚಿ ತನ್ನ ಫೋನಿನಿಂದ 600 ರೂಪಾಯಿ ಕಳಿಸುತ್ತಾರೆ, ಅಲ್ಲಿ ಖಜಾಂಚಿಯ ಹೆಸರು ಕಾಣುತ್ತದೆ, ಗ್ರಂಥಾಲಯದ ಹೆಸರು ಇಲ್ಲ. ಪ್ರಕಾಶಕರಿಗೆ ಯಾರೋ ಪುಣ್ಯಾತ್ಮ ದೇಣಿಗೆ ಕೊಟ್ಟಂತೆ. ಈಚೆಗೆ ಸಾಲಾಗಿ ಬಾರದ ಪತ್ರಿಕೆಗಳಲ್ಲಿ ನಾನು ಕಂಡ ಕಾರಣ ಬಹುಪಾಲು ಇದೇ. ಹಣ ಕಳಿಸಿದ ಐದು ನಿಮಿಷದೊಳಗೆ ವಹಿವಾಟಿನ ಸಂಖ್ಯೆ, ಚಂದಾ ಸಂಖ್ಯೆ, ಪೂರ್ತಿ ವಿಳಾಸ ಹಾಕಿ ಸಂದೇಶ ಕಳಿಸಿ. ರಸೀದಿ ಬರುವ ತನಕ ಬಿಡಬೇಡಿ.

ನವೀಕರಣವನ್ನು ಎರಡು ತಿಂಗಳು ಮುಂಚೆಯೇ ಮಾಡಿ. ಡಿಸೆಂಬರ್‌ನಲ್ಲಿ ಮುಗಿಯುವ ಚಂದಾವನ್ನು ಗ್ರಾಂಟ್ ಬಂದ ಮೇಲೆ ಮಾರ್ಚ್‌ನಲ್ಲಿ ಕಟ್ಟಿದರೆ ಮೊದಲ ಮೂರು ಸಂಚಿಕೆ ಸಿಗುವುದು ಅವರ ದಯೆ. ಅಷ್ಟು ಮುಂಚೆ ಹಣ ಇಲ್ಲದಿದ್ದರೆ, "ಹಣ ಮಾರ್ಚ್‌ಗೆ ಬರುತ್ತದೆ, ಜನವರಿಯಿಂದ ಪ್ರತಿ ತೆಗೆದಿಡಿ" ಅಂತ ಒಂದು ಪತ್ರ ಹಾಕಿ. ಕೇಳಿದವರಿಗೆ ತೆಗೆದಿಡುತ್ತಾರೆ.

ಏಜೆಂಟ್ ವಿಚಾರದಲ್ಲಿ ಒಂದು ಮಾತು. ಚಂದಾ ಅಂದರೆ ಮುಂಗಡ ಹಣ, ನಡುವಿನವರು ಮುಳುಗಿದರೆ ಹಣವೂ ಮುಳುಗುತ್ತದೆ. ದೊಡ್ಡವರು ಮುಳುಗುವುದಿಲ್ಲ ಅಂದುಕೊಳ್ಳಬೇಡಿ. ನೆದರ್‌ಲ್ಯಾಂಡ್ಸ್‌ನ ಸ್ವೆಟ್ಸ್ ಅನ್ನುವ ಕಂಪನಿ ಎಷ್ಟೋ ದೇಶಗಳ ಗ್ರಂಥಾಲಯಗಳಿಗೆ ಜರ್ನಲ್ ಪೂರೈಸುತ್ತಿತ್ತು, 2014ರ ಸೆಪ್ಟೆಂಬರ್‌ನಲ್ಲಿ ದಿವಾಳಿಯಾಯಿತು. ಏಜೆಂಟಿಗೆ ಹಣ ಕೊಟ್ಟ ಒಂದು ತಿಂಗಳೊಳಗೆ, ಪ್ರಕಾಶಕರಿಗೆ ಹಣ ತಲುಪಿದ್ದಕ್ಕೆ ರಸೀದಿ ಕೇಳಿ. ಕೊಡಲು ಹಿಂದೆ ಮುಂದೆ ನೋಡುವವರಿಗೆ ಮುಂದಿನ ವರ್ಷ ಆರ್ಡರ್ ಕೊಡಬೇಡಿ. ವರ್ಷದ ಕೊನೆಗೆ ಬಾರದ ಸಂಚಿಕೆಗಳ ಪಟ್ಟಿ ಮಾಡಿ, ಅಷ್ಟಕ್ಕೆ ಹಣ ವಾಪಸ್ ಅಥವಾ ಕ್ರೆಡಿಟ್ ನೋಟ್, ಇಲ್ಲವೇ ಚಂದಾ ಅವಧಿ ವಿಸ್ತರಣೆ ಕೇಳಿ. ಆಡಿಟ್‌ನವರು ಬಂದು "ಹನ್ನೆರಡಕ್ಕೆ ಹಣ ಕೊಟ್ಟಿದ್ದೀರಿ, ಒಂಬತ್ತೇ ಉಂಟಲ್ಲ" ಅಂತ ಕೇಳಿದಾಗ ನಿಮ್ಮನ್ನು ಕಾಪಾಡುವುದು ಕಾರ್ಡಿನ ಹಿಂಬದಿಯ ಆ ತಾರೀಕುಗಳೇ.

ಕೋಹಾ ಇದ್ದವರಿಗೆ, ಇ-ಜರ್ನಲ್ ಇದ್ದವರಿಗೆ

ಕೇರಳದಲ್ಲಿ ಕಾಲೇಜುಗಳು ಕೋಹಾ ಅನ್ನುವ ಗ್ರಂಥಾಲಯ ನಿರ್ವಹಣೆಯ ತಂತ್ರಾಂಶವನ್ನು ಬಹಳ ಬಳಸುತ್ತವೆ. ಅದರ ಸೀರಿಯಲ್ಸ್ ವಿಭಾಗ ನಮ್ಮ ಚಪ್ಪಲಿ ಡಬ್ಬಿಯ ದೊಡ್ಡಣ್ಣ. ಚಂದಾ ಸೇರಿಸುವಾಗ ಸಂಖ್ಯೆಯ ಕ್ರಮವನ್ನು ಕೊಟ್ಟು ಪರೀಕ್ಷಿಸಿದರೆ ಮುಂದಿನ ಸಂಚಿಕೆಗಳ ತಾರೀಕನ್ನು ಅದೇ ಊಹಿಸಿ ತೋರಿಸುತ್ತದೆ. ಅಲ್ಲಿ ಅವಸರ ಮಾಡಬೇಡಿ, ಕ್ರಮ ತಪ್ಪಿದರೆ ವರ್ಷವಿಡೀ ತಪ್ಪು. ಗ್ರೇಸ್ ಪೀರಿಯಡ್ ಅನ್ನುವ ಜಾಗದಲ್ಲಿ ಮೇಲೆ ಹೇಳಿದ ಕಾಯುವ ದಿನಗಳನ್ನು ಹಾಕಿ. ಕ್ಲೇಮ್ಸ್ ಪುಟದಿಂದ ಇಮೇಲ್ ಹೋಗಬೇಕಾದರೆ ಪೂರೈಕೆದಾರರ ವಿವರದಲ್ಲಿ ಇಮೇಲ್ ವಿಳಾಸ ಬೇಕು, ತಡವಾದ ಸಂಚಿಕೆಯ ಬಗ್ಗೆ ಇವರನ್ನು ಸಂಪರ್ಕಿಸಿ ಅನ್ನುವ ಚೌಕಕ್ಕೆ ಟಿಕ್ ಹಾಕಿರಬೇಕು. ಆ ಟಿಕ್ ಹಾಕದೆ ಕೋಹಾವನ್ನು ಬೈಯುವವರು ಬಹಳ.

ಇ-ಜರ್ನಲ್‌ಗಳಲ್ಲಿ ಸಂಚಿಕೆ ಕಳೆಯುವುದಿಲ್ಲ, ಬಾಗಿಲು ಮುಚ್ಚುತ್ತದೆ. ಕಾರಣ ಹೆಚ್ಚಾಗಿ ಎರಡು: ನವೀಕರಣ ಅವರ ಲೆಕ್ಕಕ್ಕೆ ಹೋಗಿಲ್ಲ, ಅಥವಾ ನಿಮ್ಮ ಕಾಲೇಜು ಇಂಟರ್ನೆಟ್ ಕಂಪನಿ ಬದಲಿಸಿ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ನಿಮ್ಮ ಕಾಲೇಜನ್ನು ಗುರುತಿಸುವ ಸಂಖ್ಯೆ) ಬದಲಾಗಿದೆ. ಜನವರಿ ಮೊದಲ ವಾರ ಪ್ರತಿಯೊಂದು ಜರ್ನಲ್‌ನಲ್ಲೂ ಒಂದು ಹೊಸ, ಒಂದು ಹಳೆ ಲೇಖನ ತೆರೆದು ನೋಡಿ, ತೆರೆಯದಿದ್ದರೆ ಪರದೆಯ ಚಿತ್ರ ತೆಗೆದು ಕಳಿಸಿ. ಕೇಂದ್ರ ಸರಕಾರವೇ ಹಣ ಕೊಟ್ಟು ಸಂಸ್ಥೆಗಳಿಗೆ ಇ-ಜರ್ನಲ್ ಒದಗಿಸುವ "ಒಂದು ದೇಶ ಒಂದು ಚಂದಾ" ಯೋಜನೆ 2025ರ ಜನವರಿಯಿಂದ ನಡೆಯುತ್ತಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, ಜವಾಬ್ದಾರಿ ಯುಜಿಸಿಯ ಗ್ರಂಥಾಲಯ ಜಾಲದ ಕೇಂದ್ರವಾದ ಇನ್‌ಫ್ಲಿಬ್‌ನೆಟ್‌ನದ್ದು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕೇಂದ್ರ ಸರಕಾರದ ಸಂಸ್ಥೆಗಳು, ರಾಜ್ಯ ಸರಕಾರದ ಕಾಲೇಜುಗಳು ಇದರ ವ್ಯಾಪ್ತಿಯಲ್ಲಿವೆ. ನಮ್ಮಂಥ ಊರಿನ ಗ್ರಂಥಾಲಯಗಳಿಗೆ ಇದರಿಂದ ಏನೂ ಇಲ್ಲ. ಒಂದು ಅನುಕೂಲ ಮಾತ್ರ, ಯಾವುದಾದರೂ ಲೇಖನ ಬೇಕೆಂದು ಬಂದ ಓದುಗರನ್ನು ಎಲ್ಲಿಗೆ ಕಳಿಸಬೇಕು ಅಂತ ಗೊತ್ತಾಗಿದೆ.

ಕೊನೆಗೂ ಸಿಗದಿದ್ದರೆ

ಮೊದಲು ಅಕ್ಕಪಕ್ಕದ ಗ್ರಂಥಾಲಯಗಳನ್ನು ಕೇಳಿ. ಎಲ್ಲರಲ್ಲೂ ಹೆಚ್ಚುವರಿ ಪ್ರತಿಗಳಿರುತ್ತವೆ, ಎಲ್ಲರಲ್ಲೂ ಖಾಲಿ ಜಾಗಗಳಿರುತ್ತವೆ. ನಾವು ನಾಲ್ಕೈದು ಗ್ರಂಥಾಲಯದವರು ವರ್ಷಕ್ಕೊಮ್ಮೆ ಎರಡು ಪಟ್ಟಿ ಬದಲಾಯಿಸಿಕೊಳ್ಳುತ್ತೇವೆ: "ಬೇಕು", "ಕೊಡಬಹುದು". ಜೂನ್ 19, ಕೇರಳದ ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ನೆನಪಿನ ವಾಚನ ದಿನ. ಅಂದು ಹೇಗೂ ಜನ ಬರುತ್ತಾರೆ, ಬೇಕಾದ ಸಂಚಿಕೆಗಳ ಪಟ್ಟಿಯನ್ನು ಬಾಗಿಲಲ್ಲೇ ತೂಗುಹಾಕುತ್ತೇವೆ. ನಿವೃತ್ತ ಮಾಸ್ತರರ ಮನೆಯ ಅಟ್ಟದಲ್ಲಿ ಎಷ್ಟು ಸಂಚಿಕೆಗಳಿರುತ್ತವೆ ಅಂತ ನೋಡಿದರೆ ಆಶ್ಚರ್ಯ ಪಡುತ್ತೀರಿ. ಗುಜರಿ ಅಂಗಡಿಯವರ ಪರಿಚಯ ಇಟ್ಟುಕೊಳ್ಳಿ, ಕಾಗದ ತೂಕಕ್ಕೆ ಹಾಕುವ ಮುಂಚೆ ನಮಗೊಂದು ಫೋನ್ ಮಾಡುತ್ತಾರೆ. ತುಂಬಾ ಹಳೆಯದಾದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ನೋಡಿ, ಸ್ಕ್ಯಾನ್ ಮಾಡಿ ಹಾಕಿದ ಕನ್ನಡ ಪತ್ರಿಕೆಗಳು ಅಲ್ಲಿ ಇವೆ.

ಇಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಒಂದು ಸಂಚಿಕೆ ತಾನೇ? ಮಂಜೇಶ್ವರದ ಗೋವಿಂದ ಪೈಯವರ ಲೇಖನಗಳನ್ನು ಹುಡುಕಿಕೊಂಡು ಬರುವ ಸಂಶೋಧಕರನ್ನು ಕೇಳಿ ನೋಡಿ. ಅವೆಲ್ಲ ಮೊದಲು ಬಂದದ್ದು ಅಲ್ಲೊಂದು ಇಲ್ಲೊಂದು ಪತ್ರಿಕೆಯಲ್ಲಿ. ಅವರಿಗೆ ಬೇಕಾದ ಸಂಚಿಕೆ ಯಾವಾಗಲೂ ನಮ್ಮಲ್ಲಿ ಇಲ್ಲದ್ದೇ ಆಗಿರುತ್ತದೆ.

ಬೈಂಡಿಂಗನ್ನು ಒಂದು ವರ್ಷ ತಡಮಾಡಿ, ಅದಕ್ಕಿಂತ ಜಾಸ್ತಿ ಬೇಡ. ಬಿಡಿಯಾಗಿ ಇಟ್ಟರೆ ಇದ್ದದ್ದೂ ಹೋಗುತ್ತದೆ. ಇಲ್ಲದ ಸಂಚಿಕೆಯ ಜಾಗದಲ್ಲಿ ಒಂದು ಬಣ್ಣದ ಹಾಳೆ ಹಾಕಿ, "ಸಂಚಿಕೆ 3 ಇಲ್ಲ, ಸಿಕ್ಕಿದರೆ ಕೊಡಿ" ಅಂತ ಬರೆದು, ಆ ದಪ್ಪಕ್ಕೆ ಸರಿಯಾಗಿ ಕಾಗದದ ಕಿರುಪಟ್ಟಿ ಬಿಟ್ಟು ಹೊಲಿಯಲು ಹೇಳಿ. ಮುಂದೆ ಸಿಕ್ಕಿದರೆ ಅಲ್ಲೇ ಅಂಟಿಸಬಹುದು.

ನಮ್ಮ ಆ ಜುಲೈ ಸಂಚಿಕೆಯ ಜಾಗದಲ್ಲಿ ಈಗಲೂ ಹಸಿರು ಹಾಳೆಯೇ ಇದೆ. ಮೊನ್ನೆ ತೆರೆದು ನೋಡಿದರೆ ಯಾರೋ ಅದರ ಮೇಲೆ ಪೆನ್ಸಿಲಿನಲ್ಲಿ "ನನ್ನ ಹತ್ತಿರ ಉಂಟು" ಅಂತ ಬರೆದು ಹೋಗಿದ್ದಾರೆ. ಹೆಸರು ಬರೆದಿಲ್ಲ ಮಾರಾಯ್ರೇ.